ಹಿರಿಯರ ಬಾಳಕಥೆ: ಹೇಳುವುದೂ ಕೇಳುವುದೂ ಚಿಕಿತ್ಸೆಯೇ



ವಯಸ್ಸಾದ ತಂದೆತಾಯಿಗಳನ್ನು ಚಿಕಿತ್ಸಾಲಯಕ್ಕೆ ಕರೆತರುವ ಮಕ್ಕಳು ಮೊದಲು ಮೊಣಕಾಲು ನೋವು, ಮಲಬದ್ಧತೆ, ನಿದ್ರಾಹೀನತೆಗಳನ್ನು ಹೇಳುತ್ತಾರೆ. ಔಷಧಿಯ ಚೀಟಿ ಕೈಗೆ ಬಂದ ಮೇಲೆ, ಹೊರಡುವ ಹೊತ್ತಿಗೆ ಧ್ವನಿ ತಗ್ಗಿಸಿ ಇನ್ನೊಂದು ಮಾತನ್ನು ಸೇರಿಸುತ್ತಾರೆ: “ಡಾಕ್ಟರ್ರೀ, ಹೇಳಿದ್ದನ್ನ ಹೇಳ್ತಾರ್ರಿ. ಮುಂಜಾನೆ ಹೇಳಿದ ಕಥೀನ ಸಂಜಿಗೆ ಮತ್ತ ಹೇಳ್ತಾರ. ಇದಕ್ಕೇನರ ಗುಳಿಗಿ ಐತೇನ್ರಿ?”

ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ 38 ವರ್ಷಗಳಿಂದ ವೈದ್ಯವೃತ್ತಿ ನಡೆಸುತ್ತಿರುವ ನಾನು ಈ ಪ್ರಶ್ನೆಯನ್ನು ಕೇಳಿದಷ್ಟು ಸಲ ಬೇರೆ ಪ್ರಶ್ನೆಯನ್ನು ಕೇಳಿರಲಿಕ್ಕಿಲ್ಲ. ಮೊದಮೊದಲು ನಾನೂ ನಕ್ಕು, “ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯನ್ನು ಹೇಳಿ ಕಳುಹಿಸುತ್ತಿದ್ದೆ. ಈಗ ನನಗೇ ಅರವತ್ತು ದಾಟಿದೆ. ಆ ಗಾದೆ ಅಷ್ಟು ನ್ಯಾಯವಾದುದಲ್ಲವೆಂದು ತಿಳಿದಿದೆ. ಹಿರಿಯರು ಮತ್ತೆ ಮತ್ತೆ ಹೇಳುವ ಕಥೆ ಬಹಳ ಸಲ ರೋಗಲಕ್ಷಣವಾಗಿರುವುದಿಲ್ಲ. ಅದು ಪೂರ್ತಿಯಾಗಿ ಕೇಳಿಸಿಕೊಳ್ಳಲು ಯಾರೂ ಸಿಗದೆ ಅರ್ಧಕ್ಕೇ ನಿಂತ ಕಥೆಯಾಗಿರುತ್ತದೆ. ಅದನ್ನು ಪೂರ್ಣಗೊಳಿಸುವುದರಿಂದ ಹೇಳುವವರಿಗೂ ಕೇಳುವವರಿಗೂ ಆಗುವ ಹಿತವೇನು, ಅದನ್ನು ಮನೆಯಲ್ಲಿ ಹೇಗೆ ಮಾಡಬೇಕು, ಎಲ್ಲಿ ಎಚ್ಚರವಹಿಸಬೇಕು ಎಂಬುದೇ ಈ ತಿಂಗಳ ವಿಷಯ.

ಆಯುರ್ವೇದದ ದೃಷ್ಟಿಯಲ್ಲಿ ವೃದ್ಧಾಪ್ಯ ಮತ್ತು ಸ್ಮೃತಿ

ಚರಕಸಂಹಿತೆಯು ಮನುಷ್ಯನ ಆಯುಸ್ಸನ್ನು ಮೂರು ಭಾಗ ಮಾಡಿದೆ. 30 ವರ್ಷದವರೆಗೆ ಬಾಲ್ಯ, 60ರವರೆಗೆ ಮಧ್ಯಮ ವಯಸ್ಸು, ಅಲ್ಲಿಂದ ಮುಂದೆ ಜೀರ್ಣಾವಸ್ಥೆ. ಈ ಕೊನೆಯ ಭಾಗದಲ್ಲಿ ದೇಹದಲ್ಲಿ ವಾತದೋಷವು ಪ್ರಬಲವಾಗಿರುತ್ತದೆ. ವಾತದ ಗುಣಗಳೆಂದರೆ ರೂಕ್ಷತೆ, ಲಘುತ್ವ, ಶೀತ, ಚಲನೆ. ಆದುದರಿಂದಲೇ ವೃದ್ಧಾಪ್ಯದಲ್ಲಿ ಚರ್ಮ ಒಣಗುತ್ತದೆ, ಸಂಧಿಗಳು ನೋಯುತ್ತವೆ, ನಿದ್ರೆ ತೆಳುವಾಗುತ್ತದೆ, ಮನಸ್ಸು ಒಂದೆಡೆ ನಿಲ್ಲದೆ ಓಡಾಡುತ್ತದೆ. ಭಯ, ಶೋಕ, ಚಿಂತೆಗಳು ವಾತವನ್ನು ಇನ್ನಷ್ಟು ಕೆರಳಿಸುತ್ತವೆ. ಒಂಟಿತನವು ಈ ಮೂರನ್ನೂ ಬೆಳೆಸುತ್ತದೆ.

ವಾತಶಮನಕ್ಕೆ ಎಣ್ಣೆ, ಬಿಸಿ, ವಿಶ್ರಾಂತಿ, ನಿಯಮಿತ ಆಹಾರಗಳನ್ನು ಹೇಳುವುದು ಎಲ್ಲರಿಗೂ ಗೊತ್ತು. ಮನಸ್ಸಿನ ದೋಷಗಳಿಗೆ ಏನು ಚಿಕಿತ್ಸೆ? ಚರಕಾಚಾರ್ಯರು ಐದನ್ನು ಹೆಸರಿಸಿದ್ದಾರೆ: ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ ಮತ್ತು ಸಮಾಧಿ. ಇಲ್ಲಿ ಸ್ಮೃತಿ ಎಂದರೆ ಕಂಡದ್ದು, ಕೇಳಿದ್ದು, ಅನುಭವಿಸಿದ್ದರ ಸ್ಮರಣೆ. ನೆನಪಿನ ಶಕ್ತಿಯನ್ನು ಕಾಪಾಡಲು ಒಂದೆಲಗ, ಜೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿಗಳನ್ನು ಮೇಧ್ಯ ರಸಾಯನಗಳಾಗಿ ಹೇಳಿರುವ ಅದೇ ಗ್ರಂಥವು, ನೆನಪು ಮಾಡಿಕೊಳ್ಳುವ ಕ್ರಿಯೆಯನ್ನೇ ಒಂದು ಔಷಧವಾಗಿ ಎಣಿಸಿದೆ ಎಂಬುದನ್ನು ನಾವು ಮರೆಯಬಾರದು.

ಅಷ್ಟೇ ಅಲ್ಲ. ಔಷಧವಿಲ್ಲದೆ ನಡತೆಯಿಂದಲೇ ರಸಾಯನದ ಫಲ ಕೊಡುವ ‘ಆಚಾರ ರಸಾಯನ’ದಲ್ಲಿ ಸತ್ಯವನ್ನು ನುಡಿಯುವುದು, ಕೋಪವನ್ನು ಬಿಡುವುದು ಇವುಗಳ ಜೊತೆಗೆ ಹಿರಿಯರ ಸೇವೆಯನ್ನೂ ಸೇರಿಸಲಾಗಿದೆ. ಅಂದರೆ ಹಿರಿಯರ ಬಳಿ ಕುಳಿತುಕೊಳ್ಳುವುದರಿಂದ ಕುಳಿತವನ ಆರೋಗ್ಯವೂ ಬೆಳೆಯುತ್ತದೆಂಬುದು ನಮ್ಮ ಪ್ರಾಚೀನ ವೈದ್ಯರ ಅಭಿಪ್ರಾಯ.

ಹಳೆಯದು ನೆನಪಿದ್ದು ಹೊಸದು ಮರೆಯುವುದೇಕೆ?

“ನಿನ್ನೆ ಊಟಕ್ಕೆ ಏನಿತ್ತೆಂಬುದು ನೆನಪಿಲ್ಲ, ಮದುವೆಯಲ್ಲಿ ಯಾರು ಎಷ್ಟು ಆಯಾರು ಮಾಡಿದರೆಂಬುದು ನೆನಪಿದೆ” ಎಂದು ಮಕ್ಕಳು ಬೇಸರಪಡುತ್ತಾರೆ. ಇದು ನಾಟಕವಲ್ಲ. ಮಿದುಳು ದುರ್ಬಲವಾದಾಗ ಇತ್ತೀಚಿನ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಕೊನೆಯವರೆಗೆ ಉಳಿಯುತ್ತವೆ ಎಂಬುದನ್ನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಥಿಯೊಡೂಲ್ ರಿಬೊ 1881ರಲ್ಲಿಯೇ ಬರೆದಿದ್ದಾನೆ. ಇದಲ್ಲದೆ, ಆರೋಗ್ಯವಂತ ಹಿರಿಯರಲ್ಲಿಯೂ ಸುಮಾರು 10ರಿಂದ 30ನೆಯ ವಯಸ್ಸಿನ ನಡುವಿನ ನೆನಪುಗಳೇ ಅತಿ ಹೆಚ್ಚು ಎಂದು ಅನಂತರದ ಸಂಶೋಧನೆಗಳು ತೋರಿಸಿವೆ. ಶಾಲೆ, ಮದುವೆ, ಮೊದಲ ದುಡಿಮೆ, ಮೊದಲ ಮಗು ಎಲ್ಲವೂ ಆ ಕಾಲಕ್ಕೆ ಸೇರಿದವು. ಮನುಷ್ಯ ತಾನು ಯಾರೆಂಬುದನ್ನು ಕಟ್ಟಿಕೊಳ್ಳುವುದೂ ಆಗಲೇ.

ಹಿರಿಯರು ಹಿಂದಿನದನ್ನು ನೆನೆಯುವುದು ಮುಪ್ಪಿನ ದೌರ್ಬಲ್ಯವೆಂದೇ ಪಾಶ್ಚಾತ್ಯ ವೈದ್ಯರೂ ಬಹುಕಾಲ ತಿಳಿದಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದನ್ನು ಪ್ರಶ್ನಿಸಿದನು. ಸಾವು ಸಮೀಪಿಸಿದೆಯೆಂಬ ಅರಿವಿನಿಂದ ಮನಸ್ಸು ತಾನಾಗಿಯೇ ಬದುಕನ್ನು ತಿರುಗಿ ನೋಡುತ್ತದೆ. ಇತ್ಯರ್ಥವಾಗದ ಸಂಗತಿಗಳು ಮೇಲೆದ್ದು ಬರುತ್ತವೆ. ಅವುಗಳನ್ನು ಮತ್ತೊಮ್ಮೆ ನೋಡಿ ಒಪ್ಪಿಕೊಳ್ಳಲು ಸಾಧ್ಯವಾದರೆ ಶಾಂತಿ, ಆಗದಿದ್ದರೆ ಖಿನ್ನತೆ, ಎಂಬುದು ಅವನ ಪ್ರತಿಪಾದನೆ. ಇದಕ್ಕೆ ಅವನು ‘ಜೀವನದ ಪುನರವಲೋಕನ’ ಎಂಬ ಅರ್ಥ ಕೊಡುವ ಹೆಸರಿಟ್ಟನು. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ಕೂಡ ವೃದ್ಧಾಪ್ಯದ ಮುಖ್ಯ ಕಾರ್ಯವೆಂದರೆ ತಾನು ಬಾಳಿದ ಬಾಳನ್ನು ತನ್ನದೆಂದು ಒಪ್ಪಿಕೊಳ್ಳುವುದು, ಅದು ಸಾಧ್ಯವಾಗದಿದ್ದರೆ ಹತಾಶೆಗೆ ಬೀಳುವುದು ಎಂದು ಹೇಳಿದ್ದನು.

ಹೀಗೆ ಮೇಲೆದ್ದು ಬಂದ ಸಂಗತಿ ಕೇಳುವವರಿಲ್ಲದೆ ಮತ್ತೆ ಒಳಗೆ ಹೋದಾಗ ಏನಾಗುತ್ತದೆಂಬುದನ್ನು ನನಗೆ ಕಲಿಸಿದವರು ಒಬ್ಬ ರೋಗಿ.

ಬೇವಿನ ಗಿಡದ ಕಥೆ

ಅವರ ಒಪ್ಪಿಗೆಯಿಂದ, ಊರು ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ 78 ವಯಸ್ಸಿನ ಒಬ್ಬ ತಾಯಿಯನ್ನು ಮಗ ಹಾಗೂ ಮೊಮ್ಮಗಳು ಕರೆತಂದರು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ; ಹಸಿವು ಕಡಿಮೆ; ಮೈಯೆಲ್ಲ ನೋವು. ಮಗನ ಕೊನೆಯ ದೂರು ಎಂದಿನದೇ: ಹೇಳಿದ್ದನ್ನೇ ಹೇಳುತ್ತಾರೆ.

ಆ ತಾಯಿ ಘಟಪ್ರಭೆಯ ದಂಡೆಯ ಒಂದು ಹಳ್ಳಿಯವರು. ಆಲಮಟ್ಟಿ ಆಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿದ್ದುದು, ದಶಕಗಳ ಮೇಲೆ ಅದರ ಹಿನ್ನೀರು ಬಾಗಲಕೋಟೆಯ ಹಳೆಯ ನಗರದ ಭಾಗವನ್ನೂ ಕೃಷ್ಣಾ ಘಟಪ್ರಭಾ ದಂಡೆಯ ಅನೇಕ ಹಳ್ಳಿಗಳನ್ನೂ ಆವರಿಸಿದುದು ನಮ್ಮ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. ಇವರ ಊರೂ ಮುಳುಗಡೆಯಾಯಿತು. ಅವರ ಕುಟುಂಬ ಪುನರ್ವಸತಿ ಕೇಂದ್ರಕ್ಕೆ ಬಂದು ನೆಲೆಸಿತು.

ಅವರು ದಿನಾಲು ಹೇಳುತ್ತಿದ್ದ ಕಥೆ ಇಷ್ಟೇ: “ಹೊಳಿಗೆ ಹೋಗೋ ದಾರ್ಯಾಗ ಒಂದು ದೊಡ್ಡ ಬೇವಿನ ಗಿಡ ಇತ್ತು. ತುಂಬಿದ ಕೊಡ ಇಳಿಸಿ ಅದರ ನೆಳ್ಳಾಗ ಕುಂಡರ್ತಿದ್ವಿ.” ಇಷ್ಟು ಹೇಳಿ ಸುಮ್ಮನಾಗುತ್ತಿದ್ದರು. ಮನೆಯವರು, “ಗೊತ್ತೈತಿ ಬಿಡವ್ವ, ನಿನ್ನೆ ಹೇಳೀಯಲ್ಲ” ಎನ್ನುತ್ತಿದ್ದರು. ಮರುದಿನ ಮತ್ತೆ ಬೇವಿನ ಗಿಡ.

ರಕ್ತಪರೀಕ್ಷೆ ಮಾಡಿಸಿದೆ. ಥೈರಾಯ್ಡ್, ಬಿ12, ಸಕ್ಕರೆ ಎಲ್ಲವೂ ಸರಿಯಿದ್ದವು. ದಿನ, ವಾರ, ಮನೆಯವರ ಹೆಸರು, ಹಣದ ಲೆಕ್ಕ ಎಲ್ಲವನ್ನೂ ಅವರು ಸರಿಯಾಗಿ ಹೇಳಿದರು. ರಾತ್ರಿ ನೆತ್ತಿಗೂ ಅಂಗಾಲಿಗೂ ಕ್ಷೀರಬಲಾ ತೈಲ, ಹಾಲಿನಲ್ಲಿ ಅಶ್ವಗಂಧ ಚೂರ್ಣ, ಎಂಟು ಗಂಟೆಯೊಳಗೆ ಬಿಸಿಯಾದ ಲಘು ಊಟ, ಮಧ್ಯಾಹ್ನದ ನಿದ್ರೆಗೆ ಕಡಿವಾಣ, ಇವನ್ನು ಬರೆದುಕೊಟ್ಟೆ. ಅನಂತರ ಪಿಯುಸಿ ಓದುತ್ತಿದ್ದ ಮೊಮ್ಮಗಳನ್ನು ಕರೆದು ಹೇಳಿದೆ: “ಸಂಜೀಕ ದೀಪ ಹಚ್ಚಿದ ಮ್ಯಾಲ ಅರ್ಧ ತಾಸು ಆಯೀ ಹಂತೇಕ ಕುಂಡ್ರವ್ವ. ಬೇವಿನ ಗಿಡದ ಕಥಿ ಬಂದ್ರ ‘ಗೊತ್ತೈತಿ’ ಅನ್ನಬ್ಯಾಡ. ‘ಆಮ್ಯಾಲ ಏನಾತು ಆಯಿ?’ ಅಂತ ಕೇಳು. ಆಕಿ ಹೂಂ ಅಂದ್ರ ಫೋನಿನಾಗ ತುಂಬಿಕೊ.”

ಮೂರು ವಾರಗಳ ಮೇಲೆ ಆ ಹುಡುಗಿ ಒಬ್ಬಳೇ ಬಂದಳು. ಮೊದಲ ಕೆಲವು ದಿನ ಆಯಿ ಓಣಿಯ ಮನೆಗಳನ್ನು, ಹೋಳಿ ಹುಣ್ಣಿಮೆಯ ಹಲಗಿ ಬಡಿತವನ್ನು, ಹೊಳೆದಂಡೆಯ ಬದನೆಯ ತೋಟವನ್ನು ಹೇಳಿದರಂತೆ. ಒಂದು ಸಂಜೆ ಬೇವಿನ ಗಿಡ ಬಂದಾಗ ಇವಳು “ಆಮ್ಯಾಲ?” ಎಂದಳು. ಆಯಿ ಬಹಳ ಹೊತ್ತು ಸುಮ್ಮನಿದ್ದು, “ಅದನ್ನ ಬಂದ್ ಮಾಡು” ಎಂದರು. ಇವಳು ಫೋನನ್ನು ಆರಿಸಿ ಬದಿಗಿಟ್ಟಳು.

ಗಿಡದ ಆಚೆ ಊರಿನ ರುದ್ರಭೂಮಿಯಿತ್ತು. ಅಲ್ಲಿ ಆಯಿಯ ಚೊಚ್ಚಲ ಮಗುವಿನ ಸಮಾಧಿಯಿತ್ತು. ಹನ್ನೊಂದು ತಿಂಗಳ ಹೆಣ್ಣುಮಗು, ಮೂರು ದಿನದ ಜ್ವರದಲ್ಲಿ ತೀರಿಕೊಂಡಿತ್ತು. ಮತ್ತೆ ಮೂವರು ಮಕ್ಕಳಾದರು, ಆ ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನೀರಿಗೆಂದು ಹೋದಾಗ ಬೇವಿನ ನೆರಳಿನಲ್ಲಿ ಕುಳಿತು ಆ ಕಡೆ ನೋಡಿ ಬರುತ್ತಿದ್ದರು. ಊರು ಬಿಡುವ ದಿನ ಎಲ್ಲರೂ ಮನೆಯ ತೊಲೆ, ಬಾಗಿಲುಗಳನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದಾಗ ಅವರು ಗಿಡದವರೆಗೆ ಹೋಗಿ ನಿಂತು ಬಂದಿದ್ದರು. ತಮಗೊಬ್ಬ ಅಕ್ಕನಿದ್ದಳೆಂಬುದು ಅರವತ್ತರ ಸಮೀಪದ ಮಗನಿಗೇ ತಿಳಿದಿರಲಿಲ್ಲ.

ಆ ರಾತ್ರಿ ಮೊಮ್ಮಗಳು ಏನನ್ನೂ ಬರೆಯಲಿಲ್ಲ. ಎರಡು ದಿನ ಬಿಟ್ಟು ಆಯಿಯೇ ಕರೆದು, “ಆ ಕೂಸಿನ ಹೆಸರು ಬರಿ. ಅದಕ್ಕೂ ಹೆಸರಿತ್ತು” ಎಂದರು. ಈಗ ಆ ಮನೆಯ ವಹಿಯ ಮೊದಲ ಪುಟದಲ್ಲಿ ಮೂವರಲ್ಲ, ನಾಲ್ವರು ಮಕ್ಕಳ ಹೆಸರಿದೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಗ ತಾಯಿಯನ್ನು ಕರೆದುಕೊಂಡು ಹೋಗಿ ದೂರದಿಂದ ಆ ಜಾಗವನ್ನು ತೋರಿಸಿ ತಂದರು. ಗಿಡ ಉಳಿದಿರಲಿಲ್ಲ. ಮೂರು ತಿಂಗಳ ಹೊತ್ತಿಗೆ ಆ ತಾಯಿಯ ನಿದ್ರೆ ನಾಲ್ಕು ಗಂಟೆಯವರೆಗೆ ಬಂದಿತ್ತು, ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಎಣ್ಣೆಯಿಂದ ಎಷ್ಟು, ಊಟದ ಹೊತ್ತಿನಿಂದ ಎಷ್ಟು, ಹೇಳಿಕೊಂಡದ್ದರಿಂದ ಎಷ್ಟು ಎಂದು ವಿಂಗಡಿಸುವುದು ನನ್ನಿಂದಾಗದು. ಬೇವಿನ ಗಿಡದ ಕಥೆಯನ್ನು ಅವರು ಆಮೇಲೆಯೂ ಹೇಳುತ್ತಿದ್ದರು. ಆದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ.

ಪ್ರಯೋಜನಗಳು: ಎಷ್ಟು ನಿರೀಕ್ಷಿಸಬಹುದು?

1. ಮನಸ್ಸಿಗೆ: ಖಿನ್ನತೆಯ ಲಕ್ಷಣಗಳಿರುವ ಹಿರಿಯರು ಕ್ರಮಬದ್ಧವಾಗಿ ಬದುಕನ್ನು ನೆನೆದು ಹೇಳಿಕೊಂಡಾಗ ಮನಸ್ಸಿನ ಭಾರ ಕಡಿಮೆಯಾಗುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಬರಿದೆ ನೆನೆಯುವುದಕ್ಕಿಂತ, ಸುಖದುಃಖಗಳೆರಡನ್ನೂ ಹೇಳಿ, ಅದರಿಂದ ತಾನು ಏನಾದೆ ಎಂಬುದನ್ನು ಕಂಡುಕೊಳ್ಳುವ ಕ್ರಮ ಹೆಚ್ಚು ಫಲಕಾರಿ.

2. ಮರೆವಿನ ರೋಗದಲ್ಲಿ: ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವು ಅಂದಾಜಿಸಿದೆ. ಇಂಥವರೊಡನೆ ಹಳೆಯ ಚಿತ್ರ, ಹಾಡು, ವಸ್ತುಗಳನ್ನಿಟ್ಟುಕೊಂಡು ಮಾತನಾಡುವ ಚಿಕಿತ್ಸೆಯ ಕುರಿತ 22 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ಪರಿಶೀಲಿಸಿತು. ಮಾತುಕತೆ, ಲವಲವಿಕೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತಾದರೂ ಪರಿಣಾಮವು ಚಿಕ್ಕದು, ಎಲ್ಲೆಡೆಯೂ ಒಂದೇ ಸಮನಲ್ಲ ಎಂಬುದು ಅದರ ತೀರ್ಮಾನ. ಆದುದರಿಂದ ಕಥೆ ಹೇಳಿಸಿದರೆ ಮರೆವು ಗುಣವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಆ ದಿನದ ಆ ಒಂದು ಗಂಟೆ ಅವರಿಗೆ ಹಿತವಾಗಿ ಕಳೆಯುತ್ತದೆ. ಅದೂ ಸಣ್ಣ ಮಾತಲ್ಲ.

3. ಅಂತ್ಯಕಾಲದಲ್ಲಿ: ಕೆನಡಾದ ಮನೋವೈದ್ಯ ಹಾರ್ವೆ ಚೊಚಿನೊವ್ ಮರಣ ಸಮೀಪಿಸಿದ ರೋಗಿಗಳಿಗಾಗಿ ಒಂದು ಕ್ರಮವನ್ನು ರೂಪಿಸಿದ್ದಾರೆ. ರೋಗಿಯ ಮಾತನ್ನು ಧ್ವನಿಮುದ್ರಿಸಿ, ಬರೆದು, ತಿದ್ದಿ, ರೋಗಿಗೇ ಓದಿ ಹೇಳಿ, ಕೊನೆಗೆ ಅವರು ಬಯಸಿದವರ ಕೈಗೆ ಕೊಡುತ್ತಾರೆ. ತನ್ನ ಮಾತು ತನ್ನ ನಂತರವೂ ಉಳಿಯುತ್ತದೆಂಬ ನೆಮ್ಮದಿಯೇ ಇದರ ಸಾರ.

4. ಮಕ್ಕಳು ಮೊಮ್ಮಕ್ಕಳಿಗೆ: ಅಜ್ಜ ಸೋತದ್ದು, ಎದ್ದದ್ದು ಎರಡನ್ನೂ ಕೇಳಿ ಬೆಳೆದ ಮಗುವಿಗೆ ತನ್ನ ಸೋಲೇ ಕೊನೆಯದಲ್ಲವೆಂಬುದು ತಿಳಿಯುತ್ತದೆ.

5. ವೈದ್ಯರಿಗೆ: ಇದನ್ನು ನಾನು ಸ್ವಾರ್ಥದಿಂದಲೇ ಸೇರಿಸುತ್ತೇನೆ. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇತ್ತು, ಯಾರು ಎಷ್ಟನೆಯ ವಯಸ್ಸಿನಲ್ಲಿ ಎದೆನೋವಿನಿಂದ ತೀರಿಕೊಂಡರು, ಯಾವ ಔಷಧಿ ಯಾರಿಗೆ ಒಗ್ಗಲಿಲ್ಲ ಎಂಬುದು ಗೊತ್ತಿರುವುದು ಮನೆಯ ಹಿರಿಯರಿಗೆ ಮಾತ್ರ. ಬಾಳಕಥೆಯ ವಹಿಯಲ್ಲಿ ಇದಕ್ಕೊಂದು ಪುಟವಿದ್ದರೆ ಮುಂದಿನ ತಲೆಮಾರಿನ ಚಿಕಿತ್ಸೆಗೆ ಅದು ಬಹಳ ಉಪಯುಕ್ತ.

ಮನೆಯಲ್ಲಿ ಮಾಡುವ ಕ್ರಮ

ಸ್ಮೃತಿ ಹೇಗೆ ಉಂಟಾಗುತ್ತದೆಂಬುದಕ್ಕೆ ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಎಂಟು ಕಾರಣಗಳನ್ನು ಹೇಳಿದೆ: ನಿಮಿತ್ತ, ರೂಪಗ್ರಹಣ, ಸಾದೃಶ್ಯ, ವಿಪರ್ಯಯ, ಸತ್ತ್ವಾನುಬಂಧ, ಅಭ್ಯಾಸ, ಜ್ಞಾನಯೋಗ ಮತ್ತು ಪುನಃಶ್ರುತ. ಇವುಗಳಲ್ಲಿ ತತ್ತ್ವಜ್ಞಾನಕ್ಕೆ ಸೇರಿದ ಜ್ಞಾನಯೋಗವನ್ನು ಬಿಟ್ಟು ಉಳಿದವುಗಳನ್ನು ನಮ್ಮ ಕೆಲಸಕ್ಕೆ ಹೀಗೆ ಬಳಸಿಕೊಳ್ಳಬಹುದು.

ನಿಮಿತ್ತ, ರೂಪಗ್ರಹಣ: ಕಾರಣವನ್ನು ಕಂಡರೆ ಕಾರ್ಯ, ಆಕಾರವನ್ನು ಕಂಡರೆ ಅಂಥದೇ ಇನ್ನೊಂದು ವಸ್ತು ನೆನಪಾಗುತ್ತದೆ. “ನಿಮ್ಮ ಕಥೆ ಹೇಳಿರಿ” ಎಂದರೆ ಯಾರಿಗೂ ಮಾತು ಹೊರಡುವುದಿಲ್ಲ. ಒಂದು ವಸ್ತುವನ್ನು ಕೈಗೆ ಕೊಡಿರಿ. ಹಳೆಯ ಕೀಲಿಕೈ, ಬೀಸುವ ಕಲ್ಲಿನ ಗೂಟ, ಮದುವೆಯ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಮಾಸಿದ ಒಂದು ಭಾವಚಿತ್ರ, ಯಾವುದಾದರೂ ಸಾಕು. ಮೂಗಿಗೆ ಬರುವ ವಾಸನೆಯೂ ಬಲವಾದ ನಿಮಿತ್ತ. ಗುರೆಳ್ಳು ಹುರಿಯುವಾಗ ಕೇಳಿ ನೋಡಿರಿ.

ಸಾದೃಶ್ಯ, ವಿಪರ್ಯಯ: ಹೋಲಿಕೆಯಿಂದಲೂ ವಿರೋಧದಿಂದಲೂ ನೆನಪು ಬರುತ್ತದೆ. “ಮೊಮ್ಮಗ ಯಾರನ್ನು ಹೋಲುತ್ತಾನೆ?”, “ಈಗಿನ ಮದುವೆಗೂ ನಿಮ್ಮ ಮದುವೆಗೂ ಏನು ವ್ಯತ್ಯಾಸ?” ಎಂಬ ಪ್ರಶ್ನೆಗಳು ಈ ಬಗೆಯವು.

ಸತ್ತ್ವಾನುಬಂಧ: ಮನಸ್ಸು ಒಂದೆಡೆ ನಿಲ್ಲಬೇಕು. ಟಿ.ವಿ. ಆರಿಸಿರಿ. ಕಿವಿ ಮಂದವಾಗಿದ್ದರೆ ಎದುರಿಗೆ, ಬಾಯಿ ಕಾಣುವಂತೆ ಕುಳಿತು ನಿಧಾನವಾಗಿ ಮಾತನಾಡಿರಿ. ಊಟವಾದ ಕೂಡಲೇ ಬೇಡ, ರಾತ್ರಿ ತಡವಾಗಿ ಬೇಡ. ಬೆಳಗಿನ ಇಷ್ಟಲಿಂಗ ಪೂಜೆ, ಉಪಾಹಾರಗಳಾದ ಮೇಲೆ ಅಥವಾ ಸಂಜೆ ಪ್ರಶಸ್ತ.

ಅಭ್ಯಾಸ: ವಾರಕ್ಕೆ ಎರಡು ಮೂರು ಸಲ, ಪ್ರತಿಸಲ 20ರಿಂದ 30 ನಿಮಿಷ. ದಣಿವು ಕಂಡರೆ ನಿಲ್ಲಿಸಬೇಕು. ಒಂದೇ ದಿನ ಎಲ್ಲವನ್ನೂ ಮುಗಿಸುವ ಅವಸರ ಬೇಡ.

ಪುನಃಶ್ರುತ: ಕೇಳಿದ್ದನ್ನು ಮತ್ತೆ ಕೇಳಿದಾಗ ಮರೆತ ಭಾಗ ನೆನಪಾಗುತ್ತದೆ. ಆದುದರಿಂದ ಬರೆದುದನ್ನು ಮುಂದಿನ ಸಲ ಅವರಿಗೇ ಓದಿ ಹೇಳಿರಿ. “ಹಂಗಲ್ಲ, ಹಿಂಗ” ಎಂದು ಅವರು ತಿದ್ದತೊಡಗಿದರೆ ಕೆಲಸ ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಿರಿ.

ವರ್ಷವನ್ನು ನೇರವಾಗಿ ಕೇಳಿದರೆ ಹಿರಿಯರು ಗೊಂದಲಕ್ಕೀಡಾಗುತ್ತಾರೆ. ಗೊತ್ತಿರುವ ಘಟನೆಗೆ ಕಟ್ಟಿ ಕೇಳಬೇಕು. 1956ರ ಏಕೀಕರಣಕ್ಕೆ ಮುಂಚೆಯೋ ಆಮೇಲೋ? 1972ರ ಬರಗಾಲದಲ್ಲಿ ನಿಮಗೆ ಎಷ್ಟು ಮಕ್ಕಳು? ಇಂದಿರಾ ಗಾಂಧಿಯವರು ತೀರಿಕೊಂಡಾಗ, ಅಂದರೆ 1984ರಲ್ಲಿ, ಈ ಮನೆ ಕಟ್ಟಿತ್ತೇ? ಹೀಗೆ ಕೇಳುತ್ತ ಹೋದರೆ ಕಾಲಕ್ರಮ ತಾನಾಗಿ ಕೂಡಿಬರುತ್ತದೆ.

ಆರಂಭಕ್ಕೆ ಕೆಲವು ಪ್ರಶ್ನೆಗಳು: ನೀವು ಹುಟ್ಟಿದ ಮನೆಗೆ ಎಷ್ಟು ಬಾಗಿಲು, ಯಾವ ದಿಕ್ಕಿಗೆ? ನೀರು ಎಲ್ಲಿಂದ ತರುತ್ತಿದ್ದಿರಿ? ಸಾಲೆಗೆ ಹೋದಿರಾ, ಯಾಕೆ ಬಿಟ್ಟಿರಿ? ಮೊದಲ ಸಲ ಕೈಗೆ ಬಂದ ಗಳಿಕೆ ಎಷ್ಟು, ಏನು ಮಾಡಿದಿರಿ? ಕಷ್ಟಕಾಲದಲ್ಲಿ ಯಾರು ಕೈಹಿಡಿದರು? ಯಾವ ಕೆಲಸ ನಿಮಗೆ ಬಹಳ ಚೆನ್ನಾಗಿ ಬರುತ್ತಿತ್ತು? ಮೊಮ್ಮಕ್ಕಳು ಯಾವುದನ್ನು ಮರೆಯಬಾರದು? ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: “ಆಮೇಲೆ?”

ದಾಖಲಿಸಲು ದುಬಾರಿ ಉಪಕರಣ ಬೇಕಿಲ್ಲ. ಮೊಬೈಲನ್ನು ಅವರ ಮುಂದೆ ಒಂದು ಮೊಳ ದೂರದಲ್ಲಿಡಿರಿ. ಫ್ಯಾನಿನ ಸದ್ದು ಧ್ವನಿಯನ್ನು ನುಂಗುತ್ತದೆ, ಸೆಖೆಯಿಲ್ಲದ ಹೊತ್ತಿನಲ್ಲಿ ಅದನ್ನು ಆರಿಸಿರಿ. ಮೊದಲಿಗೆ ದಿನಾಂಕ, ಹೇಳುವವರ ಹೆಸರು, ಕೇಳುವವರ ಹೆಸರನ್ನು ನುಡಿಯಿರಿ. ಧ್ವನಿಯ ಪ್ರತಿಯನ್ನು ಎರಡು ಕಡೆ ಉಳಿಸಿಕೊಳ್ಳಿರಿ, ಏಕೆಂದರೆ ಮೊಬೈಲ್ ಕೆಟ್ಟರೆ ಎಲ್ಲವೂ ಹೋಗುತ್ತದೆ. 200 ಪುಟದ ಒಂದು ವಹಿಯಲ್ಲಿ ಮುಖ್ಯವಾದುದನ್ನು ಅವರ ಮಾತಿನಲ್ಲಿಯೇ ಬರೆಯಿರಿ. ಗ್ರಂಥಭಾಷೆಗೆ ತಿದ್ದಬೇಡಿರಿ. ಅವರು ಬಳಸುವ ಹೊಲದ ಹೆಸರು, ಕಾಳಿನ ಹೆಸರು, ಬೈಗುಳ ಕೂಡ ಹಾಗೆಯೇ ಇರಲಿ. ಬರೆಯಬಲ್ಲ ಹಿರಿಯರು ತಾವೇ ದಿನಕ್ಕೊಂದು ಪುಟ ಬರೆಯಬಹುದು.

ಎಚ್ಚರಿಕೆಗಳು

ಒಪ್ಪಿಗೆಯಿಲ್ಲದೆ ಧ್ವನಿಮುದ್ರಣ ಮಾಡಬಾರದು. “ಬಂದ್ ಮಾಡು” ಎಂದರೆ ಆ ಕ್ಷಣವೇ ನಿಲ್ಲಿಸಬೇಕು. ಮನೆಯ ಗುಟ್ಟನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ನಂಬಿಕೆದ್ರೋಹ. ಆಸ್ತಿಯ ತಂಟೆಗೆ ಸಾಕ್ಷ್ಯ ಹುಡುಕಲು ಈ ಮಾತುಕತೆಯನ್ನು ಬಳಸಲೇಬಾರದು. ಅದು ತಿಳಿದ ದಿನ ಹಿರಿಯರು ಬಾಯಿ ಮುಚ್ಚುತ್ತಾರೆ, ಮತ್ತೆ ತೆರೆಯುವುದಿಲ್ಲ.

ಹೇಳುವಾಗ ಕಣ್ಣೀರು ಬಂದರೆ ಗಾಬರಿಯಾಗಬೇಡಿರಿ, “ಹೋಗಲಿ ಬಿಡು” ಎಂದು ಮಾತನ್ನು ತುಂಡರಿಸಬೇಡಿರಿ. ಸುಮ್ಮನೆ ಕೈಹಿಡಿದು ಕುಳಿತರೆ ಸಾಕು. ಆದರೆ ಹೇಳಲು ಇಷ್ಟವಿಲ್ಲದ ನೋವನ್ನು ಕೆದಕಿ ತೆಗೆಯಲೂಬಾರದು. ಹೇಳದೆ ಇರುವುದಕ್ಕೂ ಅವರಿಗೆ ಅಧಿಕಾರವಿದೆ. ದಿನಗಟ್ಟಲೆ ಅಳು, ಅನ್ನ ಬಿಡುವುದು, “ನಾನಿದ್ದು ಏನು ಪ್ರಯೋಜನ” ಎಂಬ ಮಾತು ಕಂಡುಬಂದರೆ ಅದು ಖಿನ್ನತೆಯ ರೋಗ. ಕಥೆಯಿಂದ ಅದು ಗುಣವಾಗದು, ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416, ಹಿರಿಯ ನಾಗರಿಕರ ಸಹಾಯವಾಣಿ 14567.

ಹಳೆಯ ಕಥೆಯನ್ನು ಮತ್ತೆ ಹೇಳುವುದು ಬೇರೆ, ಐದು ನಿಮಿಷದ ಹಿಂದೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುವುದು ಬೇರೆ. ಗೊತ್ತಿರುವ ಓಣಿಯಲ್ಲಿ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, ಒಲೆ ಆರಿಸಲು ಮರೆಯುವುದು, ಮನೆಯವರನ್ನು ಗುರುತಿಸದಿರುವುದು ಇವು ಡಿಮೆನ್ಷಿಯಾದ ಸೂಚನೆಗಳಾಗಿರಬಹುದು. ಬಿ12 ಕೊರತೆ, ಥೈರಾಯ್ಡ್ ದೋಷ, ಕೆಲವು ಔಷಧಿಗಳಿಂದಲೂ ಮರೆವು ಬರುತ್ತದೆ. ಇವು ಸರಿಪಡಿಸಬಹುದಾದ ಕಾರಣಗಳಾದುದರಿಂದ ತಪಾಸಣೆ ಅವಶ್ಯ. ಒಂದೆರಡು ದಿನಗಳಲ್ಲಿ ಹಠಾತ್ತನೆ ಗೊಂದಲ ಉಂಟಾದರೆ ಸೋಂಕು, ಪಾರ್ಶ್ವವಾಯು, ಸಕ್ಕರೆ ಅಥವಾ ಲವಣಾಂಶಗಳ ಏರುಪೇರು ಕಾರಣವಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಡಿಮೆನ್ಷಿಯಾ ಇರುವವರು ಹೇಳುವ ಕಥೆಯಲ್ಲಿ ತಪ್ಪಿದ್ದರೆ ತಿದ್ದಲು ಹೋಗಬೇಡಿರಿ. ಸತ್ತವರನ್ನು ಬದುಕಿದ್ದಾರೆಂದರೆ, “ಅವರ ಬಗ್ಗೆ ಇನ್ನಷ್ಟು ಹೇಳಿರಿ” ಎನ್ನುವುದೇ ಸರಿಯಾದ ಉತ್ತರ.

ಕೊನೆಯ ಮಾತು

ನಮ್ಮ ತಂದೆಯವರು ನಮ್ಮ ಹೊಲದ ಬಾವಿಯ ಕಥೆಯನ್ನು ಹೇಳುತ್ತಿದ್ದರು. ನಾನು ಹುಟ್ಟುವ ಮುಂಚಿನ ಯಾವುದೋ ಬರಗಾಲದಲ್ಲಿ ಅಜ್ಜ ಆ ಬಾವಿಯನ್ನು ಇನ್ನಷ್ಟು ಆಳಕ್ಕೆ ತೋಡಿಸಿದರೆಂದು ಕಥೆ ಆರಂಭವಾಗುತ್ತಿತ್ತು. ಆಗ ನನ್ನ ಚಿಕಿತ್ಸಾಲಯ ಹೊಸದು, ರೋಗಿಗಳು ಕಾಯುತ್ತಿದ್ದರು. “ಅಪ್ಪಾ, ಇದನ್ನ ನೂರು ಸಲ ಕೇಳೀನಿ” ಎಂದು ಎದ್ದುಬಿಡುತ್ತಿದ್ದೆ. ಅವರು ನಗುತ್ತ, “ಹೋಗಪ್ಪ, ಮಂದಿ ಕಾಯ್ತಾರ” ಎನ್ನುತ್ತಿದ್ದರು. ಅವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಕಳೆದ ವರ್ಷ ಹೊಲಕ್ಕೆ ಬಂದ ನನ್ನ ಮೊಮ್ಮಗ ಬಾವಿಯೊಳಗೆ ಇಣುಕಿ, “ಮುತ್ಯಾ, ಇದನ್ನ ಯಾರು ತೋಡಿದ್ರು? ನೀರು ಹೆಂಗ ಸಿಕ್ತು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನೂರು ಸಲ ಕೇಳಿದ್ದೆ ನಿಜ, ಆದರೆ ನೂರು ಸಲವೂ ಆರಂಭವನ್ನು ಮಾತ್ರ ಕೇಳಿದ್ದೆ.

ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳಲ್ಲಿ ಕಟ್ಟಿಟ್ಟಿದ್ದ ತಾಡೋಲೆಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ್ದರಿಂದ ಶರಣರ ಮಾತುಗಳು ಅಚ್ಚಿನಲ್ಲಿ ನಮ್ಮ ಕೈಸೇರಿದವು. ಅವರಿಗೆ ಅವು ಸಿಕ್ಕಿದ್ದು, ಅದಕ್ಕಿಂತ ಮುಂಚೆ ಯಾರೋ ಕೇಳಿ, ಬರೆದು, ಜೋಪಾನವಾಗಿಟ್ಟಿದ್ದರಿಂದ. ಬರೆದವರ ಹೆಸರು ಎಷ್ಟೋ ಕಡೆ ನಮಗೆ ತಿಳಿಯದು. ನಮ್ಮ ಮನೆಯ ಆಯಿ, ಮುತ್ಯಾರ ಮಾತಿಗೂ ಅಂಥ ಒಬ್ಬ ಬರಹಗಾರ ಬೇಕು.

ಈ ಸಂಚಿಕೆಯನ್ನು ಓದಿ ಮುಗಿಸಿದ ಸಂಜೆ ನಿಮ್ಮ ಮನೆಯ ಹಿರಿಯರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿರಿ. ಅವರು ಎಂದಿನ ಕಥೆಯನ್ನೇ ತೆಗೆದರೆ ಬೇಸರಪಡದೆ, ಅದು ಎಂದೂ ನಿಲ್ಲುವ ಜಾಗಕ್ಕೆ ಬಂದಾಗ “ಆಮೇಲೆ ಏನಾಯಿತು?” ಎಂದು ಕೇಳಿರಿ. ಈ ಔಷಧಿಗೆ ಖರ್ಚಿಲ್ಲ. ಆದರೆ ಇದನ್ನು ಕೊಡಲು ಇರುವ ಕಾಲ ಮಾತ್ರ ಹೆಚ್ಚಿಲ್ಲ.